ಮಾತು ಮನ್ನಿಸುವುದು, ತಪ್ಪು ಮನ್ನಿಸುವುದು

ತಪಸ್ಸುಕಾಲದ ಒಂದು ಶುಕ್ರವಾರ ಸಂಜೆ ಅಟ್ಟೂರಿನ ಒಂದು ಮನೆಯಲ್ಲಿ ನೆರೆಹೊರೆಯ ಕುಟುಂಬಗಳು ಪ್ರಾರ್ಥನೆಗೆ ಸೇರಿದ್ದವು. (ಅಟ್ಟೂರು ಎಂದೊಡನೆ ಕಾರ್ಕಳದ ಸಂತ ಲಾರೆನ್ಸರ ಬಸಿಲಿಕವನ್ನು ನೆನೆಯುವ ಓದುಗರು ಮನ್ನಿಸಬೇಕು. ಇದು ಯಲಹಂಕ ಉಪನಗರದ ಮಗ್ಗುಲಿನ ಅಟ್ಟೂರು.) ಜಪಸರ ಮುಗಿಯಿತು. ಸಂತ ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಿಂದ, ಸಾಲಗಾರ ಸೇವಕನ ಸಾಮತಿಯನ್ನು ಓದಿದೆವು. ನಾನು ವಾಡಿಕೆಯಂತೆ ಕ್ಷಮೆಯ ಬಗ್ಗೆ ನಾಲ್ಕು ಮಾತು ಹೇಳಿ ಆಶೀರ್ವಾದ ನೀಡಿದೆ. ಕಾಫಿ ಲೋಟಗಳು ಕೈಗೆ ಬರುವ ಹೊತ್ತಿಗೆ ಗೋಡೆಗೊರಗಿ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: "ಸ್ವಾಮಿ, ಕ್ಷಮಿಸಬೇಕು ಅಂತೀರಿ, ಸರಿ. ಹಂಗಾದ್ರೆ ಕೋರ್ಟಲ್ಲಿರೋ ಕೇಸು ವಾಪಸ್ ತಗೋಬೇಕಾ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಯಲಹಂಕದ ಸುತ್ತಮುತ್ತ ಮೂರು ದಶಕಗಳಿಂದ ಬದುಕಿರುವವರಿಗೆ ಈ ಪ್ರಶ್ನೆಯ ಭಾರ ಗೊತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾದವು. ಯಲಹಂಕ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. ಮರುವರ್ಷ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅಲ್ಲಿಂದ ಮುಂದೆ ಭೂಮಿಯ ಬೆಲೆ ಏರಿದ ಹಾಗೆ ಅಣ್ಣತಮ್ಮಂದಿರ ಮಾತುಕತೆ ಇಳಿಯಿತು. ಅಪ್ಪ ಬದುಕಿರುವ ತನಕ ಒಂದೇ ಬೆಂಚಿನಲ್ಲಿ ಕುಳಿತು ಬಲಿಪೂಜೆ ನೋಡುತ್ತಿದ್ದವರು, ಅಪ್ಪನ ಮೂವತ್ತನೆಯ ದಿನದ ಪೂಜೆ ಮುಗಿದ ಮೇಲೆ ಒಬ್ಬರು ಬೆಳಗಿನ ಏಳರ ಪೂಜೆಗೆ, ಇನ್ನೊಬ್ಬರು ಒಂಬತ್ತರ ಪೂಜೆಗೆ ಬರತೊಡಗಿದ ಮನೆತನಗಳನ್ನು ನಾನು ಬಲ್ಲೆ. ಎರಡೂ ಪೂಜೆಗಳಲ್ಲಿ ಪರಲೋಕ ಮಂತ್ರ ಹೇಳುತ್ತಾರೆ. ಅದರ ನಡುವಿನ ಆ ಒಂದು ಬೇಡಿಕೆ ಬಂದಾಗ ಇಬ್ಬರ ಧ್ವನಿಯೂ ಸ್ವಲ್ಪ ತಗ್ಗುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಸಂಜೆ ಹಿರಿಯರಿಗೆ ನಾನು ಕೊಟ್ಟ ಉತ್ತರ ಸಪ್ಪೆಯಾಗಿತ್ತು. "ಪ್ರಾರ್ಥನೆ ಮಾಡಿ, ದೇವರು ದಾರಿ ತೋರಿಸ್ತಾರೆ" ಎಂದೆ. ಗುರುಗಳಿಗೆ ಉತ್ತರ ತೋಚದಿದ್ದಾಗ ಕೈಗೆ ಸಿಗುವ ಉತ್ತರವದು. ಮನೆಗೆ ಬಂದ ಮೇಲೆ ಅದೇ ಪ್ರಶ್ನೆ ಕೊರೆಯಿತು. ಈ ಲೇಖನ ಆ ಹಿರಿಯರಿಗೆ ತಡವಾಗಿ ಕೊಡುತ್ತಿರುವ ಉತ್ತರ.

ನಮ್ಮ ನುಡಿಯಲ್ಲಿ ಒಂದು ಪದವಿದೆ: ಮನ್ನಿಸು. "ನನ್ನ ತಪ್ಪನ್ನು ಮನ್ನಿಸಿ" ಎನ್ನುತ್ತೇವೆ, ಅದು ಕ್ಷಮೆ. "ಹಿರಿಯರ ಮಾತನ್ನು ಮನ್ನಿಸಿ ಬಂದೆ" ಎನ್ನುತ್ತೇವೆ, ಅದು ವಿಧೇಯತೆ. "ಸಭೆಯಲ್ಲಿ ಅವರನ್ನು ಮನ್ನಿಸಿದರು" ಎಂದರೆ ಗೌರವಿಸಿದರು ಎಂದರ್ಥ. ಮನ್ನಣೆ ಎಂಬ ಮಾತು ಇದರಿಂದಲೇ ಬಂದದ್ದು. ಕ್ಷಮೆ, ವಿಧೇಯತೆ, ಗೌರವ ಈ ಮೂರನ್ನೂ ಒಂದೇ ಕ್ರಿಯಾಪದದಲ್ಲಿ ಕಟ್ಟಿಟ್ಟವರು ಯಾವ ಸೆಮಿನರಿಯಲ್ಲೂ ದೇವಶಾಸ್ತ್ರ ಓದಿದವರಲ್ಲ. ಆದರೆ ನಾನು ಸೆಮಿನರಿಯಲ್ಲಿ ಏಳೆಂಟು ವರ್ಷ ಓದಿಯೂ ಸರಿಯಾಗಿ ಕಾಣದೆ ಹೋದದ್ದನ್ನು ಅವರು ಕಂಡಿದ್ದರು. ಎದುರಿಗಿರುವವನಿಗೆ ಮನ್ನಣೆ ಇಲ್ಲದ ಕಡೆ ಕ್ಷಮೆಯೂ ಇಲ್ಲ, ವಿಧೇಯತೆಯೂ ಇಲ್ಲ. ಅಲ್ಲಿ ಕ್ಷಮೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ನಡೆಯುತ್ತದೆ, ವಿಧೇಯತೆಯ ಹೆಸರಿನಲ್ಲಿ ಹೆದರಿಸುವುದು ನಡೆಯುತ್ತದೆ.

ಸಾಲದ ಲೆಕ್ಕ

ಮೊದಲು ಸಾಮತಿಯನ್ನೇ ನೋಡೋಣ. ಅರಸನಿಗೆ ಸೇವಕನು ಕೊಡಬೇಕಾದದ್ದು ಹತ್ತು ಸಾವಿರ ತಲೆಂತು. ಆ ಸೇವಕನಿಗೆ ಜೊತೆ ಸೇವಕನು ಕೊಡಬೇಕಾದದ್ದು ನೂರು ದಿನಾರಿ. ಒಂದು ದಿನಾರಿ ಎಂದರೆ ಕೂಲಿಯಾಳಿನ ಒಂದು ದಿನದ ದುಡಿಮೆ. ಒಂದು ತಲೆಂತಿಗೆ ಆರು ಸಾವಿರ ದಿನಾರಿ. ಈಗ ನಮ್ಮ ಕಡೆಯ ಕೂಲಿಯನ್ನು ದಿನಕ್ಕೆ ಏಳುನೂರು ರೂಪಾಯಿ ಎಂದಿಟ್ಟುಕೊಂಡು ಲೆಕ್ಕ ಹಾಕಿ. ಜೊತೆ ಸೇವಕನ ಸಾಲ 70 ಸಾವಿರ ರೂಪಾಯಿ. ಅದು ಸಣ್ಣ ಮೊತ್ತವೇನಲ್ಲ, ಬಡವನಿಗೆ ನಿದ್ದೆ ಕೆಡಿಸುವ ಸಾಲ. ಮೊದಲನೆಯವನ ಸಾಲವೋ 6 ಕೋಟಿ ದಿನಗಳ ಕೂಲಿ, ಅಂದರೆ 4,200 ಕೋಟಿ ರೂಪಾಯಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು ಎರಡು ಲಕ್ಷ ವರ್ಷ ಬೇಕು. "ಸ್ವಲ್ಪ ತಾಳಿಕೊಳ್ಳಿ, ಎಲ್ಲಾ ತೀರಿಸುತ್ತೇನೆ" ಎಂಬರ್ಥದಲ್ಲಿ ಅವನು ಅರಸನ ಕಾಲಿಗೆ ಬೀಳುತ್ತಾನಲ್ಲ, ಯೇಸುಸ್ವಾಮಿಯ ಕೇಳುಗರು ಆ ಜಾಗದಲ್ಲಿ ನಕ್ಕಿರಬೇಕು.

ಕರ್ನಾಟಕದಲ್ಲಿ 2017ರ ಜೂನ್ ತಿಂಗಳಲ್ಲಿ ಸಹಕಾರಿ ಸಂಘಗಳಿಂದ ರೈತರು ಪಡೆದಿದ್ದ ಬೆಳೆ ಸಾಲದಲ್ಲಿ ತಲಾ 50 ಸಾವಿರ ರೂಪಾಯಿವರೆಗೆ ಮನ್ನಾ ಮಾಡಲಾಯಿತು. ಒಟ್ಟು ಮೊತ್ತ 8,165 ಕೋಟಿ ಎಂದು ಸರ್ಕಾರ ಹೇಳಿತು. ಸಾಮತಿಯ ಒಬ್ಬನೇ ಸೇವಕನ ಸಾಲ ಅದರ ಅರ್ಧಕ್ಕಿಂತ ತುಸು ಹೆಚ್ಚು ಎಂದರೆ ಅರಸನ ಔದಾರ್ಯದ ಅಳತೆ ಸಿಕ್ಕೀತು. ಸಾಲ ಮನ್ನಾ ಆದಾಗ ಸಾಲ ಗಾಳಿಯಲ್ಲಿ ಮಾಯವಾಗುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ರೈತ ಕೊಡಬೇಕಾದದ್ದನ್ನು ಸಹಕಾರಿ ಸಂಘಕ್ಕೆ ಬೊಕ್ಕಸದಿಂದ ತುಂಬಬೇಕಾಯಿತು. ಯಾರೋ ಒಬ್ಬರು ಹೊರಲೇಬೇಕು. ಅರಸನು "ಹೋಗು, ಬಿಟ್ಟೆ" ಎಂದಾಗ 4,200 ಕೋಟಿಯ ನಷ್ಟ ಅರಸನದೇ. ಶಿಲುಬೆಯ ಮೇಲೆ ಪ್ರಭು ಹೊತ್ತದ್ದೂ ಇದನ್ನೇ. ಹಾಗಾಗಿ ಕ್ಷಮೆ ಪುಕ್ಕಟೆಯೆಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಕ್ಷಮಿಸುವವನು ಬೆಲೆ ತೆರುತ್ತಾನೆ. ಬೆಲೆ ತೆರಬೇಕಾದವನನ್ನು ಹೊರಗಿನವರು ನಿಂತು ಅವಸರಪಡಿಸುವುದು ಅನ್ಯಾಯ.

ಇನ್ನೊಂದು ವಿಷಯ. ನಾವು ಈ ಸಾಮತಿಯನ್ನು ಯಾವಾಗಲೂ ಪೇತ್ರನ ಪ್ರಶ್ನೆಯಿಂದ, ಅಂದರೆ 21ನೆಯ ವಚನದಿಂದ ಓದಲು ಶುರುಮಾಡುತ್ತೇವೆ. ಏಳು ಸಲ ಸಾಕೇ ಎಂದು ಪೇತ್ರನು ಕೇಳುತ್ತಾನೆ, ಪ್ರಭು ಎಣಿಕೆಯನ್ನೇ ಮುರಿಯುವ ಸಂಖ್ಯೆ ಹೇಳುತ್ತಾರೆ. (ಆದಿಕಾಂಡದ 4ನೆಯ ಅಧ್ಯಾಯದಲ್ಲಿ ಲೆಮೆಕನು ಎಪ್ಪತ್ತೇಳರಷ್ಟು ಸೇಡಿನ ಜಂಬ ಕೊಚ್ಚಿಕೊಂಡಿದ್ದನ್ನು ಪ್ರಭು ಇಲ್ಲಿ ತಲೆಕೆಳಗು ಮಾಡುತ್ತಾರೆ.) ಆದರೆ ಅದೇ ಅಧ್ಯಾಯದಲ್ಲಿ, ಆರೇ ವಚನಗಳ ಹಿಂದೆ, 15ರಿಂದ 17ರವರೆಗೆ ಏನಿದೆ? ಸಹೋದರನು ತಪ್ಪು ಮಾಡಿದರೆ ಹೋಗಿ ಅವನಿಗೆ ಏಕಾಂತದಲ್ಲಿ ತಪ್ಪನ್ನು ತಿಳಿಸಬೇಕು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕು. ಮೊದಲು ತಪ್ಪನ್ನು ತಪ್ಪೆಂದು ಹೇಳುವುದು, ಆಮೇಲೆ ಲೆಕ್ಕವಿಡದ ಕ್ಷಮೆ. ಲೂಕನ ಶುಭಸಂದೇಶದ 17ನೆಯ ಅಧ್ಯಾಯದಲ್ಲೂ ಕ್ರಮ ಇದೇ. ನಮ್ಮ ಉಪದೇಶಗಳಲ್ಲಿ ಮೊದಲರ್ಧ ಹೇಗೋ ಉದುರಿಹೋಗಿದೆ.

ನಮ್ಮ ಪ್ರದೇಶದಲ್ಲೇ ಈ ಪ್ರಶ್ನೆ ಊರೆದುರು ನಿಂತ ಕಾಲವೊಂದಿತ್ತು. 2008ರ ಸೆಪ್ಟೆಂಬರ್ 14, ಪವಿತ್ರ ಶಿಲುಬೆಯ ವಿಜಯೋತ್ಸವದ ದಿನ, ಮಂಗಳೂರಿನ ಮಿಲಾಗ್ರಿಸ್ ದೇವಾಲಯದ ಸಮೀಪದ ಆರಾಧನಾ ಮಠದ ಮೇಲೆ ದಾಳಿ ನಡೆದು ದಿವ್ಯಪ್ರಸಾದಕ್ಕೆ ಅಪಚಾರವಾಯಿತು. ಅದಾದ ಕೆಲವೇ ದಿನಗಳಲ್ಲಿ ಇಲ್ಲಿ ಹೆಬ್ಬಾಳದ ಬಳಿಯ ಮರಿಯಣ್ಣಪಾಳ್ಯದ ಸಂತ ಜೇಮ್ಸ್ ದೇವಾಲಯದಲ್ಲೂ ಹಾನಿ ಮಾಡಲಾಯಿತು. ಹಾಗೆ ಮಾಡಿದವರನ್ನು ಕ್ಷಮಿಸಬೇಕೇ ಎಂದರೆ, ಹೌದು, ಕ್ರೈಸ್ತನಿಗೆ ಬೇರೆ ದಾರಿಯಿಲ್ಲ. ದೂರು ಕೊಡಬಾರದೇ ಎಂದರೆ, ಯಾಕೆ ಕೊಡಬಾರದು? ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ ಮುಂದೆ ಕ್ರೈಸ್ತರು ಹೋಗಿ ಸಾಕ್ಷ್ಯ ನುಡಿದರು. ಆಯೋಗದ ಅಂತಿಮ ವರದಿ 2011ರಲ್ಲಿ ಬಂತು. ಆ ವರದಿಯಿಂದ ಎಷ್ಟು ಸಮಾಧಾನವಾಯಿತು ಎಂಬುದು ಬೇರೆ ಮಾತು. ಆದರೆ ಸಾಕ್ಷ್ಯ ನುಡಿದವರು ಪರಲೋಕ ಮಂತ್ರವನ್ನು ಮುರಿದರು ಎಂದು ಹೇಳುವ ಧೈರ್ಯ ನನಗಿಲ್ಲ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರ ಮೇ 13ರಂದು ಗುಂಡೇಟು ತಿಂದರು. ಕೆಲವೇ ದಿನಗಳಲ್ಲಿ, ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, ಗುಂಡು ಹಾರಿಸಿದವನನ್ನು ಕ್ಷಮಿಸಿದ್ದಾಗಿ ತಿಳಿಸಿದರು. 1983ರ ಡಿಸೆಂಬರಿನಲ್ಲಿ ರೋಮಿನ ಸೆರೆಮನೆಗೆ ಹೋಗಿ ಅವನ ಪಕ್ಕದಲ್ಲಿ ಕುಳಿತು ಮಾತಾಡಿದರು. ಆದರೂ ಅವನು ಸೆರೆಮನೆಯಲ್ಲೇ ಉಳಿದ. ಇಟಲಿಯ ರಾಷ್ಟ್ರಾಧ್ಯಕ್ಷರು ಅವನಿಗೆ ಕ್ಷಮಾದಾನ ನೀಡಿದ್ದು 2000ದಲ್ಲಿ. ಕ್ಷಮೆ ಜಗದ್ಗುರುಗಳದು, ಶಿಕ್ಷೆ ನ್ಯಾಯಾಲಯದ್ದು. ಎರಡೂ ಜೊತೆಗೇ ಇದ್ದವು.

ಹಾಗಾದರೆ ಅಟ್ಟೂರಿನ ಹಿರಿಯರೇ, ನಿಮ್ಮ ಪ್ರಶ್ನೆಗೆ ಉತ್ತರ: ಕೇಸನ್ನು ವಾಪಸು ಪಡೆಯಲೇಬೇಕೆಂಬ ಕಟ್ಟುಪಾಡು ಇಲ್ಲ. ನ್ಯಾಯವಾದ ಪಾಲನ್ನು ಕೇಳುವುದು ಹಗೆಯಲ್ಲ. ಆದರೆ ಕೇಸು ನಡೆಯುತ್ತಿರುವಾಗಲೂ ತಮ್ಮನ ಮೊಮ್ಮಗುವಿನ ಜ್ಞಾನಸ್ನಾನಕ್ಕೆ ನೀವು ಹೋಗಬಲ್ಲಿರಾ? ಅವನಿಗೆ ಕಾಯಿಲೆಯಾದರೆ ವಿಚಾರಿಸಬಲ್ಲಿರಾ? ಪಾಲಿಗಿಂತ ಒಂದಡಿ ಹೆಚ್ಚು ಕೇಳದೆ ನಿಲ್ಲಬಲ್ಲಿರಾ? ಇಷ್ಟು ಸಾಧ್ಯವಾದರೆ ನಿಮ್ಮ ಕ್ಷಮೆ ಕೋರ್ಟಿನ ಮೆಟ್ಟಿಲ ಮೇಲೂ ಜೀವಂತವಾಗಿದೆ. ತಮ್ಮನನ್ನು ಸೋಲಿಸಿ ಊರೆದುರು ತಲೆತಗ್ಗಿಸಬೇಕೆಂಬುದೇ ಕೇಸಿನ ಉದ್ದೇಶವಾಗಿದ್ದರೆ, ಆಗ ಬೇರೆ ಮಾತು. ಅದನ್ನು ನಿಮ್ಮ ವಕೀಲರು ಹೇಳಲಾರರು, ನಿಮ್ಮ ಮನಸ್ಸಾಕ್ಷಿಯೇ ಹೇಳಬೇಕು.

ಕೇಳುವ ಕಿವಿ

ಇನ್ನು ವಿಧೇಯತೆ. "ಅಮ್ಮನ ಮಾತು ಕೇಳೋ" ಎಂದು ಮಗುವಿಗೆ ಹೇಳುತ್ತೇವೆ. ಕೇಳುವುದೆಂದರೆ ಕಿವಿಯಿಂದ ಕೇಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ಲತೀನ್ ಭಾಷೆಯಲ್ಲೂ ಹೀಗೆಯೇ. ವಿಧೇಯತೆಗೆ ಅಲ್ಲಿರುವ ಪದ 'ಆಲಿಸು' ಎಂಬ ಪದದಿಂದಲೇ ಹುಟ್ಟಿದ್ದು. 1992ರಲ್ಲಿ ಹೊರಬಂದ ಧರ್ಮಸಭೆಯ ಧರ್ಮೋಪದೇಶ ಗ್ರಂಥ ತನ್ನ 144ನೆಯ ಪರಿಚ್ಛೇದದಲ್ಲಿ ವಿಶ್ವಾಸದ ವಿಧೇಯತೆಯನ್ನು ಹೀಗೆಯೇ ವಿವರಿಸುತ್ತದೆ. ಕೇಳಿಸಿಕೊಂಡ ಮಾತಿಗೆ ಸ್ವತಂತ್ರವಾಗಿ ತಲೆಬಾಗುವುದು ವಿಧೇಯತೆ. 'ಸ್ವತಂತ್ರವಾಗಿ' ಎಂಬುದನ್ನು ಬಿಟ್ಟರೆ ಉಳಿಯುವುದು ಅಂಜಿಕೆ ಮಾತ್ರ.

ಹನ್ನೆರಡು ವರ್ಷದ ಯೇಸು ಜೆರುಸಲೇಮಿನ ದೇವಾಲಯದಲ್ಲಿ ಏನು ಮಾಡುತ್ತಿದ್ದರು? ಗುರುಗಳ ಮಾತನ್ನು ಕೇಳುತ್ತಿದ್ದರು, ಅವರನ್ನು ಪ್ರಶ್ನಿಸುತ್ತಲೂ ಇದ್ದರು. ಹುಡುಕಿ ಬಂದ ತಾಯಿಗೂ ಮರುಪ್ರಶ್ನೆ ಹಾಕಿದರು. ಆಮೇಲೆ ಅವರೊಡನೆ ನಜರೇತಿಗೆ ಇಳಿದುಹೋಗಿ ಅವರಿಗೆ ವಿಧೇಯರಾಗಿದ್ದರು. ಪ್ರಶ್ನೆ ಕೇಳಿದ ಮಗುವನ್ನು "ಎದುರು ಮಾತಾಡ್ತೀಯಾ?" ಎಂದು ಗದರುವ ಮನೆಗಳಲ್ಲಿ ಲೂಕನ ಎರಡನೆಯ ಅಧ್ಯಾಯವನ್ನು ಕೊನೆಯವರೆಗೆ ಓದುವುದು ಒಳ್ಳೆಯದು. ತಂದೆತಾಯಿ ಕೂಡ ಮಕ್ಕಳ ಮಾತು ಕೇಳಬೇಕು. ಮರಿಯಮ್ಮನವರು ಮಗ ಹೇಳಿದ್ದು ಅರ್ಥವಾಗದಿದ್ದರೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡರು. ಅದೂ ಕೇಳುವುದೇ.

ಗುರುದೀಕ್ಷೆಯ ದಿನ ನಾವು ಮಂಡಿಯೂರಿ, ಜೋಡಿಸಿದ ಕೈಗಳನ್ನು ಧರ್ಮಾಧ್ಯಕ್ಷರ ಕೈಗಳ ನಡುವೆ ಇಟ್ಟು, ಅವರಿಗೂ ಅವರ ಉತ್ತರಾಧಿಕಾರಿಗಳಿಗೂ ಗೌರವ ಮತ್ತು ವಿಧೇಯತೆಯ ಮಾತು ಕೊಡುತ್ತೇವೆ. ಎರಡೂ ಒಟ್ಟಿಗೇ. ಅಂದು ಆ ಮಾತು ಸುಲಭವಾಗಿ ಬಾಯಿಂದ ಬಂತು. ವರ್ಗಾವಣೆಯ ಪತ್ರ ಕೈಗೆ ಬಂದಾಗಲೇ ಅದರ ಅರ್ಥ ತಿಳಿಯುವುದು. ಒಂದು ಸಲ ನಾನು ಕಟ್ಟಿಸುತ್ತಿದ್ದ ಸಭಾಂಗಣದ ಮಾಡು ಹಾಕುವ ಮೊದಲೇ ವರ್ಗವಾಯಿತು. ಹೋದೆ, ಆದರೆ ವರ್ಷವಿಡೀ ಮುಖ ಗಂಟುಹಾಕಿಕೊಂಡಿದ್ದೆ. ಕಾಲು ಮಾತು ಕೇಳಿತ್ತು, ಮನಸ್ಸು ಕೇಳಿರಲಿಲ್ಲ. ಇದನ್ನು ವಿಧೇಯತೆ ಎನ್ನಬಹುದೇ? ಅರ್ಧ ವಿಧೇಯತೆ ಎನ್ನೋಣ.

ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯ ನಮ್ಮ ಮದುವೆಗಳಲ್ಲಿ ಓದಿಸಿಕೊಳ್ಳುವ ಭಾಗ. ಸತಿಯರು ಪತಿಯರಿಗೆ ಅಧೀನರಾಗಿರಬೇಕೆಂಬ 22ನೆಯ ವಚನ ಗಂಡಸರಿಗೆ ಬಾಯಿಪಾಠ. ಅದರ ಹಿಂದಿನ 21ನೆಯ ವಚನ ಯಾರಿಗೆ ನೆನಪಿದೆ? ಕ್ರಿಸ್ತರ ಮೇಲಿನ ಭಯಭಕ್ತಿಯಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬುದೇ ಅದರ ಸಾರ. ಗ್ರೀಕ್ ಮೂಲದ ಅತಿ ಹಳೆಯ ಪ್ರತಿಗಳಲ್ಲಿ 22ನೆಯ ವಚನಕ್ಕೆ ಸ್ವಂತ ಕ್ರಿಯಾಪದವೇ ಇಲ್ಲ, ಅದು ಹಿಂದಿನ ವಚನದಿಂದ ಸಾಲ ತಂದದ್ದು. ಅಂದರೆ ಪರಸ್ಪರ ಮನ್ನಣೆಯ ಆಸರೆ ಇಲ್ಲದೆ ಆ ವಾಕ್ಯ ನಿಲ್ಲುವುದೇ ಇಲ್ಲ. ಜಾನ್ ಪಾಲರು 1988ರಲ್ಲಿ ಸ್ತ್ರೀಯ ಘನತೆಯ ಬಗ್ಗೆ ಬರೆದ ಪತ್ರದಲ್ಲಿ ಇದನ್ನೇ ಒತ್ತಿ ಹೇಳಿದರು. ಗಂಡನಿಗೆ ಇರುವ ಆಜ್ಞೆಯೋ, ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಪ್ರೀತಿಸು ಎಂಬುದು. ಯಾವುದು ಹೆಚ್ಚು ಕಠಿಣ ಎಂದು ನೀವೇ ಹೇಳಿ.

ನನ್ನ ತಪ್ಪು

ಇಷ್ಟೆಲ್ಲ ಬರೆದ ಮೇಲೆ ನನ್ನದೊಂದು ಲೆಕ್ಕ ಒಪ್ಪಿಸಬೇಕಿದೆ. ಊರಿನ ಹೆಸರು, ಮನೆಯ ಹೆಸರು ಬೇಡ. ಹನ್ನೆರಡು ವರ್ಷಗಳ ಹಿಂದೆ, ನಾನು ಹೊಸದಾಗಿ ಧರ್ಮಕೇಂದ್ರವೊಂದರ ಹೊಣೆ ಹೊತ್ತಿದ್ದಾಗ ನಡೆದದ್ದು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ತಾಯಿ ಮೊದಲೇ ಹೋಗಿದ್ದರು. ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣ ನನ್ನ ಬಳಿಗೆ ಬಂದು, "ಫಾದರ್, ಅವಳ ಮದುವೆಗೆ ಅಪ್ಪ ಎಲ್ಲಾ ಖರ್ಚು ಮಾಡಿದ್ದಾರೆ. ಈಗ ಪಾಲು ಬೇಕು ಅಂತಾಳೆ. ನೀವು ಒಂದು ಮಾತು ಹೇಳಿದ್ರೆ ರಿಲೀಸ್ ಡೀಡಿಗೆ ಸಹಿ ಹಾಕ್ತಾಳೆ" ಎಂದರು. ಅವರು ದೇವಾಲಯದ ಕೆಲಸಗಳಿಗೆಲ್ಲ ಮುಂದೆ ನಿಲ್ಲುವವರು. ನಾನು ಆ ತಾಯಿಯನ್ನು ಕರೆಸಿ ಮಾತಾಡಿದೆ. ಅಣ್ಣ ತಂದೆಯ ಸಮಾನ ಎಂದೆ. ಹಳೆಯದನ್ನು ಕ್ಷಮಿಸಿಬಿಡಿ ಎಂದೆ. ಭೂಮಿಗಿಂತ ಶಾಂತಿ ದೊಡ್ಡದು ಎಂದೆ. ಮತ್ತಾಯ 18ನ್ನು ಓದಿದೆ, 21ನೆಯ ವಚನದಿಂದ. ಅವರು ಏನೋ ಹೇಳಲು ಹೊರಟರು. ನನಗೆ ಇನ್ನೊಂದು ಕಡೆ ಮನೆ ಆಶೀರ್ವಾದವಿತ್ತು, ಗಡಿಯಾರ ನೋಡಿದೆ. ಅವರು ಸುಮ್ಮನಾದರು. ಮುಂದಿನ ವಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಬಿತ್ತು. ನಾನು ಸಂಧಾನ ಮಾಡಿಸಿದೆನೆಂದು ಸಂತೋಷಪಟ್ಟೆ.

ಆ ದಿನ ನಾನು ಹೇಳಬೇಕಾಗಿದ್ದು ಏನು? ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದೆ ತಂದೆ ತೀರಿಕೊಂಡರೆ ವಿಧವೆಯಾದ ತಾಯಿಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು. ತಾಯಿ ಇಲ್ಲವಾದರೆ ಇಡಿಯೂ ಮಕ್ಕಳಿಗೆ ಸಮಪಾಲು. ಗಂಡು ಹೆಣ್ಣೆಂಬ ಭೇದ ಅಲ್ಲಿಲ್ಲ. ಈ ಕಾಯ್ದೆಯ ಪ್ರಕಾರ ತಿರುವಾಂಕೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ ಪಾಲುಂಟು ಎಂದು 1986ರಲ್ಲಿ ಮೇರಿ ರಾಯ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ಹಕ್ಕು ಅದಕ್ಕೂ ಮೊದಲೇ ಇತ್ತು, ಕಾಗದದ ಮೇಲೆ. ಧರ್ಮೋಪದೇಶ ಗ್ರಂಥದ 2217ನೆಯ ಪರಿಚ್ಛೇದದಲ್ಲಿ ಇನ್ನೊಂದು ಮಾತಿದೆ. ಮಕ್ಕಳು ಸ್ವತಂತ್ರರಾದ ಮೇಲೆ ತಂದೆತಾಯಿಗೆ ಸಲ್ಲಬೇಕಾದ ವಿಧೇಯತೆ ಮುಗಿಯುತ್ತದೆ, ಗೌರವ ಮಾತ್ರ ಎಂದೂ ಮುಗಿಯುವುದಿಲ್ಲ. ತಂದೆಗೇ ಸಲ್ಲದ ವಿಧೇಯತೆಯನ್ನು ನಾನು ಅಣ್ಣನಿಗೆ ಕೊಡಿಸಿದ್ದೆ. ಅವರ ಬಾಯಿ ಮುಚ್ಚಿಸಿ ಅದಕ್ಕೆ ಕ್ಷಮೆ ಎಂದು ಹೆಸರಿಟ್ಟಿದ್ದೆ. ಪಾಲನ್ನು ಪ್ರೀತಿಯಿಂದ ಬಿಟ್ಟುಕೊಡುವ ಅಕ್ಕತಂಗಿಯರಿದ್ದಾರೆ, ಅದು ದೊಡ್ಡ ಮನಸ್ಸು. ಆದರೆ ಅದು ಬಿಟ್ಟುಕೊಡುವವರ ಬಾಯಿಂದ ತಾನಾಗಿ ಬರಬೇಕು. ಗುರುಗಳ ಕಚೇರಿಯಲ್ಲಿ ಕರೆಸಿ ಪಡೆಯುವಂಥದಲ್ಲ.

ಇದೇ ತಪ್ಪನ್ನು ಇನ್ನೂ ಅಪಾಯಕರವಾಗಿ ಮಾಡುವುದುಂಟು. ಕುಡಿದು ಬಂದು ಹೊಡೆಯುವ ಗಂಡನ ಮನೆಯಿಂದ ಓಡಿಬಂದವಳಿಗೆ, ಕ್ಷಮಿಸಿ ಹಿಂದಿರುಗು, ನಿನ್ನ ಶಿಲುಬೆ ಎಂದು ಹೊತ್ತುಕೋ ಎಂದು ಹೇಳುವವರು ಮನೆಯವರಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ಧರ್ಮಸಭೆಯ ಕಾನೂನು ಹಾಗೆ ಹೇಳುವುದಿಲ್ಲ. ಕಾನೂನು ಸಂಹಿತೆಯ 1153ನೆಯ ನಿಯಮದಂತೆ, ಸಂಗಾತಿಯಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ, ಅಥವಾ ಮಕ್ಕಳಿಗಾಗಲಿ, ಗಂಭೀರ ಅಪಾಯವಿದ್ದರೆ ಬೇರೆ ಇರಲು ನ್ಯಾಯವಾದ ಕಾರಣವಿದೆ. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬದ ಬಗ್ಗೆ ಬರೆದ ಪ್ರಬೋಧನೆಯಲ್ಲಿ, ದುರ್ಬಲರನ್ನು ಕಾಪಾಡಲು ಕೆಲವೊಮ್ಮೆ ಬೇರ್ಪಡುವುದು ನೈತಿಕವಾಗಿ ಅಗತ್ಯವೇ ಆಗಬಹುದು ಎಂದಿದ್ದಾರೆ. ದೇಶದ ಕಾನೂನಿನಲ್ಲಿ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ. ಅವಳು ಸುರಕ್ಷಿತವಾದ ಜಾಗದಲ್ಲಿ ಕುಳಿತು ಕ್ಷಮಿಸಲಿ, ಅದಕ್ಕೆ ವರ್ಷಗಳು ಬೇಕಾದರೂ ಬೇಕಾಗಲಿ. ಕ್ಷಮೆಗೆ ಮೊದಲ ಷರತ್ತು ಮತ್ತೆ ಏಟು ತಿನ್ನುವುದಲ್ಲ.

ವರ್ಷಗಳು ಎಂದೆ. ಇಂದೋರ್ ಧರ್ಮಪ್ರಾಂತ್ಯದಲ್ಲಿ ಬಡವರ ನಡುವೆ ದುಡಿಯುತ್ತಿದ್ದ, ಕೇರಳ ಮೂಲದ ಸಿಸ್ಟರ್ ರಾಣಿ ಮರಿಯ ಅವರನ್ನು 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಪ್ರಯಾಣಿಸುತ್ತಿದ್ದಾಗ ಇರಿದು ಕೊಂದರು. ಅವರ ಒಡಹುಟ್ಟಿದ ತಂಗಿ, ತಾವೂ ಕನ್ಯಾಸ್ತ್ರೀಯಾಗಿದ್ದ ಸಿಸ್ಟರ್ ಸೆಲ್ಮಿ ಪಾಲ್, ಕೊಂದವನಾದ ಸಮಂದರ್ ಸಿಂಗನ ಕೈಗೆ ಸೆರೆಮನೆಯಲ್ಲಿ ರಾಖಿ ಕಟ್ಟಿ ಅಣ್ಣನೆಂದು ಕರೆದದ್ದು 2002ರಲ್ಲಿ. ನಡುವೆ ಏಳು ವರ್ಷ. ನಾವು ಆ ಚಿತ್ರವನ್ನು ತೋರಿಸಿ ಉಪದೇಶ ಮಾಡುವಾಗ ಏಳು ವರ್ಷಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ಆ ಕುಟುಂಬದವರ ಕೋರಿಕೆಯೂ ಸೇರಿ ಅವನ ಬಿಡುಗಡೆಯಾದದ್ದು 2006ರಲ್ಲಿ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯ ಅವರನ್ನು ಪುನೀತರೆಂದು ಸಾರಿದಾಗ ಅವನೂ ಬಂದಿದ್ದ. ನೋವನ್ನು ಅನುಭವಿಸದಿರುವುದು, ಮರೆತುಬಿಡುವುದು ನಮ್ಮ ಕೈಯಲ್ಲಿಲ್ಲ ಎಂದು ಧರ್ಮೋಪದೇಶ ಗ್ರಂಥವೇ 2843ನೆಯ ಪರಿಚ್ಛೇದದಲ್ಲಿ ಒಪ್ಪಿಕೊಳ್ಳುತ್ತದೆ. ಆ ನೋವನ್ನು ಪವಿತ್ರಾತ್ಮರಿಗೆ ಒಪ್ಪಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಪಾಪನಿವೇದನೆಗೆ ಬಂದು, "ಸ್ವಾಮಿ, ಕ್ಷಮಿಸೋಕೆ ಆಗ್ತಿಲ್ಲ, ಕ್ಷಮಿಸಬೇಕು ಅಂತ ಆಸೆ ಇದೆ" ಎನ್ನುವವರಿಗೆ ನಾನು ಈಗ ಹೇಳುವುದಿಷ್ಟೇ: ಆ ಆಸೆಯನ್ನೇ ಪ್ರಾರ್ಥನೆ ಮಾಡಿ, ಸದ್ಯಕ್ಕೆ ಅಷ್ಟು ಸಾಕು.

ಸಹಿ ಹಾಕಿದ ಆ ತಾಯಿ ಕ್ರಮೇಣ ದೇವಾಲಯಕ್ಕೆ ಬರುವುದನ್ನು ಬಿಟ್ಟಿದ್ದರು. ನನಗೆ ಅದು ಗೊತ್ತಾಗುವ ಹೊತ್ತಿಗೆ ನನಗೆ ವರ್ಗವಾಗಿತ್ತು. ಎರಡು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದರು. ಊಟದ ಸಾಲಿನಲ್ಲಿ ಪಕ್ಕಕ್ಕೆ ಬಂದು ನಿಂತು, ಸಿಟ್ಟಿಲ್ಲದೆ ಹೇಳಿದರು: "ಸ್ವಾಮಿ, ಅಣ್ಣನ್ನ ಕ್ಷಮಿಸಿದೀನಿ. ಅವನು ಆಸೆಬುರುಕ, ಚಿಕ್ಕಂದಿನಿಂದ ನೋಡಿದೀನಲ್ಲ. ನಿಮ್ಮನ್ನ ಕ್ಷಮಿಸೋಕೆ ಆಗ್ತಾ ಇಲ್ಲ. ನೀವು ದೇವರ ಹೆಸರು ತಂದ್ರಿ."

ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಹೋಗಿ ಸಹೋದರನೊಡನೆ ಸಂಧಾನ ಮಾಡಿಕೊಳ್ಳಬೇಕೆಂದು ಮತ್ತಾಯ 5ರಲ್ಲಿ ಪ್ರಭು ಹೇಳುವುದು ಯಾರಿಗೆ? ಸಹೋದರನ ಮೇಲೆ ತನಗೆ ಸಿಟ್ಟಿರುವವನಿಗಲ್ಲ. ಸಹೋದರನಿಗೆ ತನ್ನ ಮೇಲೆ ದೂರಿದೆ ಎಂದು ನೆನಪಾದವನಿಗೆ. ದಿನವೂ ಪೀಠದೆದುರು ನಿಲ್ಲುವವನು ನಾನು. ನೆನಪಾಗದೆ ಇರುತ್ತದೆಯೇ?

ಮೊದಲು ಅಣ್ಣನ ಮನೆಗೆ ಹೋದೆ. ನಾನು ಅಂದು ತಪ್ಪು ಹೇಳಿದೆ, ಅವರ ಪಾಲು ಅವರದೇ ಆಗಿತ್ತು, ಅದನ್ನು ಸರಿಮಾಡುವುದು ನಿಮ್ಮ ಕೈಯಲ್ಲಿದೆ ಎಂದೆ. "ಆಗಿಹೋದದ್ದು ಬಿಡಿ ಫಾದರ್" ಎಂದರು. ಬಿಡಲಿಲ್ಲ, ಮತ್ತೆರಡು ಸಲ ಹೋದೆ. ಒಂದು ನಿವೇಶನದ ಮಾತು ಈಗ ನಡೆದಿದೆ, ಕೈಗೂಡಿಲ್ಲ. ಆಮೇಲೆ ತಂಗಿಯ ಮನೆಗೆ ಹೋದೆ. ಈ ಸಲ ಗಡಿಯಾರ ಕಟ್ಟಿಕೊಂಡು ಹೋಗಲಿಲ್ಲ. ಅಂದು ಹೇಳಲು ಹೊರಟದ್ದೇನು ಎಂದು ಕೇಳಿದೆ. ಒಂದೂವರೆ ಗಂಟೆ ಹೇಳಿದರು, ಕೇಳಿಸಿಕೊಂಡೆ. ಅದನ್ನೆಲ್ಲ ಇಲ್ಲಿ ಬರೆಯುವುದು ನನ್ನ ಹಕ್ಕಲ್ಲ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಈ ಲೇಖನವನ್ನು ಪತ್ರಿಕೆಗೆ ಕಳಿಸುವ ಮೊದಲು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದೆ. ಒಂದು ಕಡೆ ತಿದ್ದಿಸಿದರು. ಅವರು ಅಳುತ್ತಾ ಸಹಿ ಹಾಕಿದರು ಎಂದು ಬರೆದಿದ್ದೆ. "ಅಳಲಿಲ್ಲ ಸ್ವಾಮಿ," ಎಂದರು. "ಪೆನ್ನು ಬರೀತಿರಲಿಲ್ಲ, ಅವರು ಬೇರೆ ಪೆನ್ನು ಕೊಟ್ರು. ಆ ಪೆನ್ನು ಇನ್ನೂ ನನ್ನ ಹತ್ರನೇ ಇದೆ, ವಾಪಸ್ ಕೊಡೋದು ಮರೆತೆ."